ತೊಳೆಯದ ಸ್ಪಂಜು

ನನ್ನ ಗಂಡ ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆ ಹೋದ ಎಂದು ಊರಿಗೆಲ್ಲ ಸಾರಿದವರು ಹೊರಗಿನವರಲ್ಲ, ಅವನ ಒಡಹುಟ್ಟಿದ ಅಣ್ಣ. ನನ್ನ ಭಾವ. ಬಸ್ ಡಿಪೋದ ಮ್ಯಾನೇಜರು. ಹೆಣ ಇನ್ನೂ ಮನೆಗೆ ಬಂದಿರಲಿಲ್ಲ, ಅಷ್ಟರಲ್ಲೇ ಡಿಪೋದ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ, ಕರವಸ್ತ್ರದಿಂದ ಕಣ್ಣೊತ್ತಿಕೊಂಡು ಹೇಳಿದರಂತೆ: "ನನ್ನ ತಮ್ಮ ಅಂತ ಮುಚ್ಚಿಡೋಕಾಗುತ್ತಾ? ಎಷ್ಟು ಸಲ ಹೇಳಿದ್ದೆ, ಹುಷಾರಾಗಿ ನೋಡ್ಕೋ ಅಂತ. ನಿದ್ದೆ ಹೋಗಿಬಿಟ್ಟ."

ಅಣ್ಣನೇ ಹೇಳಿದ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು?

ನನಗೆ ಗೊತ್ತಿದ್ದದ್ದು ಬೇರೆ. ಆ ಬೆಳಗ್ಗೆ ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ್ದ: "ಬ್ರೇಕು ಕಾಲಿಗೆ ಸಿಗ್ತಾನೇ ಇಲ್ಲ ಕಣೇ. ಅಣ್ಣಂಗೆ ಹೇಳ್ದೆ. ಇವತ್ತೊಂದಿನ ಓಡ್ಸು, ನಾಳೆ ನೋಡೋಣ ಅಂದ." ಸಂಜೆ ಜನರನ್ನೆಲ್ಲ ಇಳಿಸಿ ಖಾಲಿ ಬಸ್ಸನ್ನು ಡಿಪೋಗೆ ತರುವಾಗ ಮಾರ್ಕೆಟ್ಟಿನ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಕೆಳಗೆ ತರಕಾರಿ ಗಾಡಿಗಳು, ಸ್ಕೂಲು ಬಿಟ್ಟ ಮಕ್ಕಳು. ಅವನು ಬಸ್ಸನ್ನು ಎಡಕ್ಕೆಳೆದು ಗೋಡೌನಿನ ಗೋಡೆಗೆ ಕೊಟ್ಟ. ನಿದ್ದೆ ಮಾಡುವವನು ಗೋಡೆ ಹುಡುಕುವುದಿಲ್ಲ. ಇದನ್ನು ಭಾವನ ಮುಂದೆ ನಿಂತು ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ.

"ನೋಡಮ್ಮ, ಈ ಮನೇಲಿ ಇರಬೇಕು ಅಂದ್ರೆ ಬಾಯಿ ಮುಚ್ಕೊಂಡಿರೋದು ಕಲಿ."

ಮನೆಯ ಹಿಂದಿನ ಕೋಣೆ ನನ್ನದು. ಹಗಲು ಡಿಪೋದ ಮೂಲೆಯಲ್ಲಿ ಮೆಷಿನ್ ಮುಂದೆ ಕೂತು ಬಸ್ಸಿನ ಸೀಟುಗಳಿಗೆ ಕವರು ಹೊಲಿಯುವುದು ನನ್ನ ಕೆಲಸ. ಗಂಡ ಹೋದ ಮೇಲೂ ಹೊಲಿದೆ. ಗುಂಗುರು ಕೂದಲಿನ ಕಂಡಕ್ಟರೊಬ್ಬನಿದ್ದ, ಅವನನ್ನು ಎಲ್ಲರೂ ಸೀಟಿ ಎನ್ನುತ್ತಿದ್ದರು. ಡ್ರೈವರ್ ಸೀಟಿನ ಕವರು ನನ್ನ ಕೈಯಲ್ಲಿ ಕಂಡರೆ ಸಾಕು, "ಅಕ್ಕಾ, ಅಷ್ಟು ಮೆತ್ತಗೆ ಹೊಲೀಬೇಡ, ನಿಮ್ಮೆಜಮಾನ್ರ ಥರ ಇನ್ಯಾರಿಗಾದ್ರೂ ನಿದ್ದೆ ಬಂದೀತು" ಎನ್ನುತ್ತಿದ್ದ. ಸುತ್ತ ನಿಂತವರು ಹಲ್ಲು ಕಿರಿಯುತ್ತಿದ್ದರು. ಮೆಕ್ಯಾನಿಕ್ಕು ಗ್ರೀಸ್ ತಾತ ಮಾತ್ರ ನಗದೆ ಬಸ್ಸಿನಡಿಗೆ ತೂರಿಕೊಳ್ಳುತ್ತಿದ್ದ. ಅವನಿಗೂ ಗೊತ್ತಿತ್ತು. ಗೊತ್ತಿದ್ದವನ ಮೌನ ಗೊತ್ತಿಲ್ಲದವನ ನಗುವಿಗಿಂತ ಹೆಚ್ಚು ಚುಚ್ಚುತ್ತದೆ.

ಗಂಡ ನನಗೆಂದು ಬಿಟ್ಟುಹೋದದ್ದು ಒಂದೇ, ಗಾಜಿನ ಮೀನಿನ ತೊಟ್ಟಿ. ಅದರಲ್ಲಿ ಬೆರಳಿನ ಗೆಣ್ಣಷ್ಟು ಉದ್ದದ ಟೆಟ್ರಾ ಮೀನುಗಳ ಹಿಂಡು. ಮೈಮೇಲೆ ನೀಲಿ ಗೆರೆ, ಬಾಲದ ಕಡೆ ಕೆಂಪು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ. ಒಂಟಿಯಾಗಿ ಬಿಟ್ಟರೆ ಬಣ್ಣಗೆಟ್ಟು ಮೂಲೆ ಹಿಡಿಯುತ್ತವೆ. ಡ್ಯೂಟಿ ಮುಗಿಸಿ ಬಂದವನು ನನ್ನ ಮುಖ ನೋಡುವ ಮೊದಲು ಅವುಗಳ ಮುಖ ನೋಡುತ್ತಿದ್ದ. ನಾನು ಮುನಿಸಿಕೊಂಡರೆ, "ನಿನಗೆ ಹೊಟ್ಟೆನೋವು ಬಂದ್ರೆ ಊರಿಗೆಲ್ಲ ಕೇಳ್ಸೋ ಹಾಗೆ ಹೇಳ್ತೀಯ. ಅವು ಹೇಳಲ್ವಲ್ಲೇ" ಎನ್ನುತ್ತಿದ್ದ.

ತೊಟ್ಟಿಯ ಫಿಲ್ಟರಿನೊಳಗೆ ಒಂದು ಸ್ಪಂಜಿತ್ತು, ಕಂದುಗಪ್ಪು ಬಣ್ಣದ್ದು, ಕೆರೆಯ ತಳದ ವಾಸನೆಯದ್ದು. ನಾನೊಮ್ಮೆ ಅದನ್ನು ನಲ್ಲಿಗೆ ಹಿಡಿಯಲು ಹೋದಾಗ ಓಡಿ ಬಂದು ಕೈ ಹಿಡಿದಿದ್ದ. "ಕೊಳಕು ಅಂದ್ಕೊಂಡ್ಯಾ? ಈ ತೊಟ್ಟಿಯ ಜೀವ ಇರೋದೇ ಇದ್ರೊಳಗೆ. ಮೀನಿನ ಉಚ್ಚೆ, ಹೇಲು ಎಲ್ಲಾ ನೀರಲ್ಲೇ ತಾನೇ? ಆ ವಿಷಾನ ತಿನ್ನೋ ಜೀವಾಣು ಇದ್ರಲ್ಲಿದೆ. ನಲ್ಲಿ ನೀರಿನ ಕ್ಲೋರಿನ್ ತಾಗಿದ್ರೆ ಎಲ್ಲಾ ಸತ್ತೋಗುತ್ತೆ. ತೊಟ್ಟಿ ನೀರಲ್ಲೇ ಹಿಂಡ್ಬೇಕು, ತೊಳೀಬಾರ್ದು. ಮೀನು ಸಾಕೋದು ಅಂದ್ರೆ ನೀರು ಸಾಕೋದು ಕಣೇ."

ಅವನು ಹೋದ ಮೇಲೆ ನೀರು ಸಾಕಿದವಳು ನಾನು.

ಡಿಪೋದ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಗಂಡ ಬಿಟ್ಟುಹೋದ ಬಸ್ಸುಗಳನ್ನು ಮನೆಯಲ್ಲೇ ಕೂತು ನಡೆಸುತ್ತಿದ್ದ ಮುದುಕಿ. ವಯಸ್ಸಾಯಿತು, ಕಣ್ಣು ಮಂಜಾಯಿತು. ಎಲ್ಲವನ್ನೂ ಯಾರಾದರೊಬ್ಬರ ಕೈಗೆ ಒಪ್ಪಿಸಬೇಕೆಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ಭಾವ ಅವರನ್ನು ಮನೆಗೆ ಚಹಾಕ್ಕೆ ಕರೆದರು. ದೊಡ್ಡಮ್ಮನಿಗೆ ಮೀನಿನ ಹುಚ್ಚು ಎಂಬುದು ಅವರಿಗೆ ಗೊತ್ತಿತ್ತು.

ಅದರ ಹಿಂದಿನ ದಿನ ನನ್ನ ತೊಟ್ಟಿ ಹಜಾರಕ್ಕೆ ಹೋಯಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅದು ಅವರದ್ದು ಭಾವ."

"ಅವನದ್ದು ಅಂತ ಈ ಮನೇಲಿ ಏನಿದೆ? ಸರಿ ಆ ಕಡೆ."

ಟೆಟ್ರಾಗಳು ತೀರಾ ಸಣ್ಣವು, ದೂರದಿಂದ ಕಾಣುವುದಿಲ್ಲ ಎಂದು ತಟ್ಟೆಯಗಲದ ಏಂಜೆಲ್ ಮೀನುಗಳನ್ನು ತಂದು ಬಿಟ್ಟರು. ಹಳೆಯ ಸ್ಪಂಜನ್ನು ಎರಡು ಬೆರಳಲ್ಲಿ ಹಿಡಿದು, "ಥೂ, ಸತ್ತ ಇಲಿ ಇದ್ದ ಹಾಗಿದೆ" ಎಂದು ಹಿತ್ತಲಿಗೆ ಎಸೆದು, ಹೊಸ ಫಿಲ್ಟರ್ ಹಾಕಿಸಿದರು. ಸ್ಪಂಜು ಒಣಗುವ ಮೊದಲೇ ನಾನು ಎತ್ತಿ, ತೊಟ್ಟಿಯ ನೀರಿನಲ್ಲೇ ಅದ್ದಿಟ್ಟುಕೊಂಡೆ.

ಬೆಳಗಾಗುವಷ್ಟರಲ್ಲಿ ಏಂಜೆಲ್‌ಗಳ ಹೊಟ್ಟೆ ಉಬ್ಬಿತ್ತು. ಹಿಂಡಿನಲ್ಲಿ ಉಳಿದದ್ದು ಕೈಬೆರಳೆಣಿಕೆಗೂ ಕಡಿಮೆ. ಫಿಲ್ಟರಿನ ಹಿಂದೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಬಣ್ಣವೇ ಇಲ್ಲ. ಭಾವ ಹಲ್ಲುಜ್ಜುತ್ತ ಬಂದು ನೋಡಿ ನಕ್ಕರು.

"ದೊಡ್ಡದು ಸಣ್ಣದನ್ನ ತಿನ್ನುತ್ತೆ. ಇದಕ್ಕೆ ಅಳೋದ್ಯಾಕೆ?"

ನಾನು ಅಳುತ್ತಿರಲಿಲ್ಲ. ಅಳು ನನಗೆ ಎಂದೋ ಮುಗಿದಿತ್ತು. ಉಳಿದವುಗಳನ್ನು ಹಿಡಿದು ನನ್ನ ಕೋಣೆಗೆ ಒಯ್ದೆ. ಬಟ್ಟೆ ನೆನೆಹಾಕಲು ಇಟ್ಟುಕೊಂಡಿದ್ದ ದೊಡ್ಡ ಪ್ಲಾಸ್ಟಿಕ್ ಟಬ್ಬನ್ನು ಬಿಸಿನೀರಲ್ಲಿ ಉಜ್ಜಿ, ತೊಟ್ಟಿಯ ನೀರನ್ನೇ ತುಂಬಿ, ಅವನು ಪೆಟ್ಟಿಗೆಯಲ್ಲಿಟ್ಟಿದ್ದ ಹಳೆಯ ಗಾಳಿ ಪಂಪಿಗೆ ಆ ಸ್ಪಂಜನ್ನು ಸಿಕ್ಕಿಸಿದೆ. ಗುಳುಗುಳು ಸದ್ದು ಶುರುವಾಯಿತು. ಆ ಸದ್ದು ಕೇಳುತ್ತ ಕೂತಾಗ ನನ್ನೊಳಗೆ ಏನೋ ಗಟ್ಟಿಯಾಯಿತು. ಅವನ ಮೇಲೆ ಹೊರಿಸಿದ ಆ ಒಂದು ಮಾತನ್ನು, ಹೊರಿಸಿದ ಬಾಯಿಂದಲೇ, ಹೊರಿಸಿದ ಜಾಗದಲ್ಲೇ ವಾಪಸ್ಸು ತೆಗೆಸಬೇಕು. ಅಷ್ಟಾಗುವವರೆಗೆ ನಾನು ಸಾಯುವುದಿಲ್ಲ ಅಂದುಕೊಂಡೆ.

ದೊಡ್ಡಮ್ಮ ಬಂದರು. ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವಳು, ಚಹಾ ತಂದಿಟ್ಟಳು. ಮುದುಕಿ ಚಹಾ ಬಿಟ್ಟು ತೊಟ್ಟಿಯ ಗಾಜಿಗೆ ಮೂಗು ತಾಗಿಸಿ ನಿಂತರು.

"ಯಾರು ನೋಡ್ಕೊಳ್ಳೋದು ಇದನ್ನ?"

"ನಾನೇ ಅಮ್ಮಾ. ಎಷ್ಟೇ ಕೆಲಸ ಇದ್ರೂ ಬಂದು ಇದರ ಮುಂದೆ ಕೂತರೆ ಮನಸ್ಸು ಹಗುರ ಆಗುತ್ತೆ."

"ಟೆಟ್ರಾ ಸಾಕಿದ್ದೀಯಾ?"

"ಅಯ್ಯೋ, ಅವು ಅಂದ್ರೆ ನನಗೆ ಪ್ರಾಣ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ನನ್ನ ಕಡೆ ನೋಡಿದಳು. ನಾನು ಅವಳ ಕಡೆ. 

ಬೊಗಳೆಗೆ ಬಿದ್ದ ಬಲೆ ಎಂದರೆ ಇದೇ. ದೊಡ್ಡಮ್ಮ ಕಣ್ಣಿನ ಆಪರೇಷನ್ನಿಗೆ ಮಗಳ ಊರಿಗೆ ಹೊರಟಿದ್ದರು. ಆ ಹೊತ್ತಿಗೇ ಮನೆಗೆ ಬಣ್ಣ ಬಳಿಸುವುದಿತ್ತು. ಬಣ್ಣದ ಹೊಗೆಯಲ್ಲಿ ಮೀನು ಉಳಿಯುವುದಿಲ್ಲ. "ನನ್ನ ಟೆಟ್ರಾಗಳನ್ನ ನಿನ್ನ ಹತ್ರ ಬಿಟ್ಟು ಹೋಗ್ತೀನಪ್ಪ. ಮುದುಕಿಯಾದೆ, ಅವು ನನ್ನ ಜೊತೆ ಮುದುಕಿಯರಾಗಿವೆ. ಒಂದೊಂದರ ಗುರುತೂ ನನಗಿದೆ. ಒಂದಕ್ಕೆ ಬಾಲ ಹರಿದಿದೆ, ಒಂದಕ್ಕೆ ಬೆನ್ನು ಗೂನು. ಇಷ್ಟು ಸಣ್ಣ ಜೀವ ಕಾಯೋನು ನನ್ನ ಬಸ್ಸುಗಳನ್ನೂ ಕಾದಾನು. ಬಂದ ಮೇಲೆ ಆ ಮಾತೂ ಮುಗಿಸೋಣ."

ಭಾವನ ಮುಖ ಹಬೆಯಾಡುವ ಅನ್ನದ ಹಾಗೆ ಅರಳಿತು.

ಏಂಜೆಲ್‌ಗಳು ಅಂಗಡಿಗೆ ವಾಪಸ್ಸಾದವು. ತೊಟ್ಟಿ ಫಳಫಳ ಹೊಳೆಯಬೇಕೆಂದು ಭಾವ ರಜೆ ಹಾಕಿ ಬನಿಯನ್ನಿನಲ್ಲಿ ನಿಂತರು. ಕಲ್ಲು, ಗಾಜು, ಫಿಲ್ಟರು ಎಲ್ಲವೂ ನಲ್ಲಿಯ ಕೆಳಗೆ. ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿ ಬ್ರಷ್ಷಿನಿಂದ ಉಜ್ಜಿದರು. ನಾನು ಹೊಸ್ತಿಲಿಗೆ ಬಂದೆ.

"ಭಾವ, ಆ ಫಿಲ್ಟರು..."

"ಬಾಯಿ ಮುಚ್ಚು ಅಂದಿದ್ದೆ ತಾನೇ?"

ಮುಚ್ಚಿದೆ. ಹೇಳಿದ ಮಾತು ಕೇಳುವುದರಲ್ಲಿ ಇಷ್ಟು ರುಚಿಯಿದೆಯೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ದೊಡ್ಡಮ್ಮನ ಮೀನುಗಳು ನೀರು ತುಂಬಿದ ಚೀಲಗಳಲ್ಲಿ ಬಂದವು. ಭಾವ ಚೀಲ ಬಿಚ್ಚಿ, ಅಕ್ಕಿಗೆ ನೀರು ಹೊಯ್ಯುವ ಹಾಗೆ ಸುರಿದರು. ಹೊತ್ತು ಹೊತ್ತಿಗೆ ಹಿಡಿ ತುಂಬ ಆಹಾರ ಹಾಕಿದರು. ತಿಂದದ್ದು ಸ್ವಲ್ಪ, ಕೊಳೆತದ್ದು ಹೆಚ್ಚು. ಮೊದಲು ನೀರು ಗಂಜಿಯ ತೆಳಿಯಂತಾಯಿತು. ಆಮೇಲೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಕುಡಿಯತೊಡಗಿದವು. ಭಾವ ಊಟ ಬಿಟ್ಟರು. ನನ್ನ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಹೆಜ್ಜೆಯಿಡುವುದು ಅವರ ಘನತೆಗೆ ಕಡಿಮೆ.

"ಏನಾಗಿದೆ ಅವಕ್ಕೆ? ನೀನು ನೋಡಿದ್ದೀಯಲ್ಲ, ಅವನು ಏನ್ ಮಾಡ್ತಿದ್ದ?"

"ನಂಗೇನು ಗೊತ್ತು ಭಾವ. ಬಾಯಿ ಮುಚ್ಕೊಂಡಿರೋಳು ನಾನು."

"ಈಗ ಬಾಯಿ ಬಿಡು ಅಂತಿದ್ದೀನಿ."

"ಅಭ್ಯಾಸ ತಪ್ಪಿಹೋಗಿದೆ."

ಅವರ ಕೆನ್ನೆಯ ನರ ಕುಣಿಯಿತು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ನನ್ನ ಬಾಯಲ್ಲಿ ಅವರಿಗೆ ಬೇಕಾದದ್ದು ಏನೋ ಇತ್ತು, ಮೊದಲನೇ ಸಲ.

ಆದರೆ ಮೀನು ಯಾವ ಪಾಪ ಮಾಡಿದ್ದವು? ಭಾವ ಡಿಪೋಗೆ ಹೋದ ಮೇಲೆ ನಾನು ಕೆಲಸಕ್ಕೆ ಹೊಟ್ಟೆನೋವೆಂದು ಹೇಳಿ ಕಳಿಸಿ, ಬಲೆ ಹಿಡಿದು ಹಜಾರಕ್ಕೆ ಬಂದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನನ್ನ ಟಬ್ಬಿನ ನೀರನ್ನು ಲೋಟ ಲೋಟವಾಗಿ ಬಿಡುವು ಕೊಟ್ಟು ಸೇರಿಸಿದೆ. ನೀರಿಗೆ ನೀರು ಪರಿಚಯವಾಗಬೇಕು. ಆಮೇಲೆ ಟಬ್ಬಿಗೆ ಬಿಟ್ಟೆ. ಮೂಲೆ ಹಿಡಿದಿದ್ದ ನನ್ನ ನಾಲ್ಕಾರು ಟೆಟ್ರಾಗಳು ಒಂದು ಕ್ಷಣ ಹಾಗೇ ನಿಂತವು. ನಂತರ ಹೊಸ ಹಿಂಡಿನ ಅಂಚಿಗೆ ಬಂದು ಸೇರಿಕೊಂಡವು.

ತಲೆಯೆತ್ತಿದರೆ ಬಾಗಿಲಲ್ಲಿ ಅಕ್ಕ. ಸೆರಗಿನಲ್ಲಿ ಕೈಯೊರೆಸುತ್ತ ನೋಡುತ್ತಿದ್ದಳು. ಬಲೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಎಲ್ಲಾನೂ ತಂದ್ಯಾ? ಒಂದೂ ಬಿಡ್ಲಿಲ್ಲ ತಾನೇ?" ಎಂದಳು. ಅಷ್ಟು ಹೇಳಿ ಹೋದಳು.

ಸಂಜೆ ಭಾವ ಖಾಲಿ ತೊಟ್ಟಿಯ ಮುಂದೆ ನಿಂತು ಕೂಗಿದಾಗ ಉತ್ತರ ಕೊಟ್ಟವಳು ಅವಳೇ. "ಬೆಳಗ್ಗೆ ನೀವು ಹೋಗ್ತಿದ್ದ ಹಾಗೇ ಎಲ್ಲಾ ತೇಲಿದ್ವು. ನಾತ ತಡೀಲಾರ್ದೆ ಚರಂಡಿಗೆ ಹಾಕ್ದೆ." ದನಿಯಲ್ಲಿ ಒಂದು ನಡುಕವಿಲ್ಲ. ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ನಾನೊಬ್ಬಳೇ ಅಲ್ಲ ಎಂಬುದು ನನಗೆ ಅಂದು ಹೊಳೆಯಿತು.

ಆಮೇಲಿನ ದಿನಗಳಲ್ಲಿ ನಾನು ಸ್ಪಂಜಿಗೆ ಭಾರವಾಗದ ಹಾಗೆ ಚಿಟಿಕೆಯಷ್ಟೇ ಆಹಾರ ಹಾಕುತ್ತ, ಬಕೆಟ್ಟಿನಲ್ಲಿ ತೆರೆದಿಟ್ಟು ಕ್ಲೋರಿನ್ ಹಾರಿಹೋದ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಬದಲಿಸುತ್ತ ಕಾದೆ. ಭಾವನೂ ಕಾದರು. ಅಂಗಡಿ ಅಂಗಡಿ ತಿರುಗಿದರು. ಹರಿದ ಬಾಲದ, ಗೂನು ಬೆನ್ನಿನ ಮುದಿ ಟೆಟ್ರಾ ಯಾರು ಮಾರುತ್ತಾರೆ?

ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮೊದಲು ತೊಟ್ಟಿಯ ಹತ್ತಿರ ಹೋದರು. ಕನ್ನಡಕ ತೆಗೆದು ಬಗ್ಗಿ ನೋಡಿದರು.

"ಎಲ್ಲಿ?"

ಭಾವ ಕರವಸ್ತ್ರ ತೆಗೆದರು. ಅದೇ ಕರವಸ್ತ್ರವೋ ಏನೋ. "ಏನಂತ ಹೇಳ್ಲಿ ಅಮ್ಮಾ. ಡಿಪೋ ಕೆಲಸದ ಮೇಲೆ ಹೊರಗೆ ಹೋಗಬೇಕಾಯ್ತು. ನಮ್ಮವಳೇ ಅಂತ ತಮ್ಮನ ಹೆಂಡ್ತಿಗೆ ಒಪ್ಪಿಸಿ ಹೋದೆ. ಎಷ್ಟು ಸಲ ಹೇಳಿದ್ದೆ, ಹುಷಾರಾಗಿ ನೋಡ್ಕೋ ಅಂತ. ಪಂಪ್ ನಿಂತುಹೋಗಿದೆ. ಇವಳು ನಿದ್ದೆ ಹೋಗಿಬಿಟ್ಟಿದ್ದಾಳೆ."

ಅಕ್ಷರ ಅಕ್ಷರ ಅದೇ ಮಾತು. ಇದನ್ನೇ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಏನೋ ಒಂದು ಸುಳ್ಳು ಬರುತ್ತದೆ, ನನ್ನ ಮೇಲೇ ಬರುತ್ತದೆ ಎಂಬುದಷ್ಟೇ ಗೊತ್ತಿತ್ತು. ಸುಳ್ಳುಗಾರನ ಹತ್ತಿರ ಸುಳ್ಳಿಗೂ ಬಡತನ. ಗಂಡನಿಗೆ ಹೊದಿಸಿದ ಹೊದಿಕೆಯನ್ನೇ ತಂದು ಹೆಂಡತಿಗೆ ಹೊದಿಸಿದರು.

"ಅಮ್ಮಾ, ಈ ಕಡೆ ಬನ್ನಿ" ಎಂದೆ.

ಕೋಣೆಯ ಬಾಗಿಲು ತೆರೆದೆ. ಕಿಟಕಿಯ ಬೆಳಕು ಟಬ್ಬಿಗೆ ಬೀಳುತ್ತಿತ್ತು. ನಮ್ಮ ನೆರಳು ಬಿದ್ದದ್ದೇ ಹಿಂಡಿಗೆ ಹಿಂಡೇ ನೀಲಿ ಮಿಂಚಿನಂತೆ ಒಂದು ಪಕ್ಕಕ್ಕೆ ತಿರುಗಿತು. ದೊಡ್ಡಮ್ಮ ನೆಲಕ್ಕೆ ಕೂತರು. "ಬಾಲಹರುಕಿ" ಎಂದರು. "ಗೂನಿ... ಇದ್ದೀಯೇನೇ..." ಅವರ ಹಿಂದೆ ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ನಾನು ನಿದ್ದೆ ಮಾಡಿದ್ನಾ ಅಮ್ಮಾ?" ಎಂದೆ. "ಬದುಕಿರೋಳ ಮೇಲೆ, ಎದುರಿಗೇ ನಿಂತಿರೋಳ ಮೇಲೆ ಇಷ್ಟು ಸಲೀಸಾಗಿ ಹೇಳಿದ್ರಲ್ಲ. ಸತ್ತೋನ ಮೇಲೆ ಹೇಳೋಕೆ ಎಷ್ಟು ಹೊತ್ತು ಬೇಕು? ನನ್ನ ಗಂಡ ಬ್ರೇಕಿಲ್ಲ ಅಂತ ಇವರಿಗೆ ಹೇಳಿದ್ದ. ಇವರು ಕಳಿಸಿದ್ರು. ಆಮೇಲೆ ನಿಮ್ಮ ಶೆಡ್ಡಲ್ಲಿ ನಿಂತು, ಇದೇ ಮಾತು, ನಿದ್ದೆ ಹೋಗಿಬಿಟ್ಟ ಅಂದ್ರು."

"ಅಮ್ಮಾ, ಇವಳಿಗೆ ತಲೆ..."

"ನೀನು ಸುಮ್ನಿರಪ್ಪ." ದೊಡ್ಡಮ್ಮ ತಿರುಗಲಿಲ್ಲ. "ನನಗೆ ಯಾಕೆ ಹೇಳ್ಲಿಲ್ಲ ನೀನು?"

"ನೀವು ಯಾಕೆ ಕೇಳ್ಲಿಲ್ಲ? ನಿಮ್ಮ ಬಸ್ಸು. ನಿಮ್ಮ ಬ್ರೇಕು. ಮೀನಿನ ಗೂನು ಗೊತ್ತು ನಿಮಗೆ, ನಿಮ್ಮ ಡ್ರೈವರ್ ಮುಖ ಗೊತ್ತಿತ್ತಾ?"

ಮುದುಕಿಯ ಮುಖ ಕೆಂಪಾಯಿತು. ಎದ್ದು ನಿಂತರು. "ಮೀನುಗಳನ್ನ ಚೀಲಕ್ಕೆ ಹಾಕು. ತಗೊಂಡು ಹೋಗ್ತೀನಿ."

"ಇಲ್ಲ."

"ಏನಂದೆ?"

"ಮಾತು ವಾಪಸ್ ಬಂದ ಮೇಲೆ ಮೀನು ವಾಪಸ್. ಆ ಶೆಡ್ಡಲ್ಲೇ, ಎಲ್ಲರ ಮುಂದೆ, ಇವರ ಬಾಯಿಂದಲೇ. ಬೇಕಾದ್ರೆ ಪೊಲೀಸ್ ಕರೀರಿ. ಅವರ ಮುಂದೆ ಇನ್ನೊಂದ್ಸಲ ಹೇಳ್ತೀನಿ."

ದೊಡ್ಡಮ್ಮ ಟಬ್ಬನ್ನೊಮ್ಮೆ ನೋಡಿ ಭಾವನತ್ತ ತಿರುಗಿದರು: "ನಾಳೆ ಶೆಡ್ಡಲ್ಲಿ ನೀನೇ ಹೇಳು, ಇಲ್ಲಾಂದ್ರೆ ಪೊಲೀಸರನ್ನ ನಾನೇ ಕರೀತೀನಿ."

ಮರುದಿನ ಬೆಳಗ್ಗೆ ಬಸ್ಸುಗಳು ಹೊರಡುವ ಮೊದಲು ದೊಡ್ಡಮ್ಮ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ನಾನು ನನ್ನ ಮೆಷಿನ್ನಿನ ಪಕ್ಕ ನಿಂತೆ. ಅಕ್ಕನೂ ಬಂದಿದ್ದಳು; ಕರೆದವರಿಲ್ಲ, ಬಂದಿದ್ದಳು. ಭಾವ ನೆಲ ನೋಡುತ್ತ ಗೊಣಗಿದರು.

"ಕೇಳಿಸ್ಲಿಲ್ಲ ಭಾವ" ಎಂದೆ. "ಅವತ್ತು ಗೇಟಿನವರೆಗೂ ಕೇಳಿಸಿತ್ತಂತೆ."

ಅವರು ನನ್ನನ್ನು ನೋಡಿದರು. ಆ ಕಣ್ಣಲ್ಲಿದ್ದದ್ದು ಪಶ್ಚಾತ್ತಾಪವಲ್ಲ, ಸುಡುವ ದ್ವೇಷ. ಇರಲಿ. ನನಗೆ ಬೇಕಾದದ್ದು ಅವರ ಮನಸ್ಸಲ್ಲ, ಬಾಯಿ.

"ಬ್ರೇಕ್ ಸರಿಯಿಲ್ಲ ಅಂತ ತಮ್ಮ ಹೇಳಿದ್ದ. ನಾನೇ ಕಳಿಸ್ದೆ. ಅವನು ನಿದ್ದೆ ಹೋಗಿರ್ಲಿಲ್ಲ."

"ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದರು. ತಗಡಿನ ಸೂರಿಗೆ ತಾಗಿ ಮಾತು ವಾಪಸ್ಸು ಬಂತು. ಗ್ರೀಸ್ ತಾತ ಬಸ್ಸಿನ ಹಿಂದಿನಿಂದ ಮುಂದೆ ಬಂದ. "ನಾನೂ ಹೇಳಿದ್ದೆ, ಆ ಗಾಡಿ ಬಿಡಬೇಡಿ ಅಂತ." ಅವನ ಹಿಂದೆ ಒಬ್ಬ ಡ್ರೈವರು: "ನನ್ನ ಗಾಡೀದೂ ಹೇಳಿ ಹೇಳಿ ಸಾಕಾಯ್ತು." ಅವನ ಪಕ್ಕದಿಂದ ಇನ್ನೊಬ್ಬ. ಒಬ್ಬ ತಿರುಗಿದ್ದೇ ಎಲ್ಲರೂ ತಿರುಗಿದರು. ಅಂದು ಬ್ರೇಕು ತೋರಿಸದೆ ಒಂದು ಬಸ್ಸೂ ಗೇಟು ದಾಟುವುದಿಲ್ಲ ಎಂದು ಕೂತುಬಿಟ್ಟರು. ದೊಡ್ಡಮ್ಮ ಭಾವನ ಮುಂದೆ ಕೈಚಾಚಿ ಡಿಪೋದ ಬೀಗದ ಕೈ ಗೊಂಚಲು ಇಸಿದುಕೊಂಡರು.

ನಾನು ತಾತನ ಹತ್ತಿರ ಹೋದೆ. "ಇವತ್ತು ಬಾಯಿ ಬಂತಾ ತಾತ?" ಎಂದೆ. ಅವನು ತಲೆ ತಗ್ಗಿಸಿದ. ತಗ್ಗಿಸಲಿ. ಸೀಟಿ ಏನೋ ಹೇಳಲು ಬಂದ. ಅರ್ಧ ಹೊಲಿದ ಕವರನ್ನು ಅವನ ಎದೆಗೊತ್ತಿ, "ಇದಕ್ಕೆ ಮುಳ್ಳಿಟ್ಟು ಹೊಲಿದುಕೊಡ್ಲೇನಪ್ಪ? ನಿದ್ದೆ ಬರಲ್ಲ" ಎಂದೆ. ಯಾರೂ ನಗಲಿಲ್ಲ.

ದೊಡ್ಡಮ್ಮನ ಮೀನುಗಳನ್ನು ಅದೇ ಸಂಜೆ ನಾನೇ ಒಯ್ದುಕೊಟ್ಟೆ. ಕೊಟ್ಟ ಮಾತು ಮಾತು. ನನ್ನವು ಬಾಡದಿರಲೆಂದು ಅವರು ತಮ್ಮ ಹಿಂಡಿನಿಂದ ಒಂದಷ್ಟನ್ನು ನನ್ನ ಚೀಲಕ್ಕೆ ಹಾಕಿದರು. ಬೇಡ ಎನ್ನಲಿಲ್ಲ. ಧನ್ಯವಾದವನ್ನೂ ಹೇಳಲಿಲ್ಲ.

ಹಜಾರದ ತೊಟ್ಟಿ ಮತ್ತೆ ನನ್ನ ಕೋಣೆಗೆ ಬಂತು. ಅಕ್ಕ ಒಂದು ತುದಿ ಹಿಡಿದಳು. ನೀರು ಹದಕ್ಕೆ ಬಂದ ದಿನ, ಟಬ್ಬಿನಿಂದ ಸ್ಪಂಜು ತೆಗೆಯುತ್ತಿದ್ದಾಗ ಭಾವ ಬಾಗಿಲಿಗೆ ಬಂದರು. ಗಡ್ಡ ಬೆಳೆದಿತ್ತು.

"ಕೆಲಸ ಹೋಯ್ತು. ಮರ್ಯಾದೆ ಹೋಯ್ತು. ಹೇಳು ಅಂದದ್ದನ್ನ ಹೇಳಿಯೂ ಆಯ್ತು. ಇನ್ನೂ ಆ ಮುಖ ಯಾಕೆ? ಇನ್ನೇನು ಬೇಕು ನಿನಗೆ?"

"ನಿಮ್ಮ ತಮ್ಮ ಬೇಕು" ಎಂದೆ. "ಕೊಡ್ತೀರಾ?"

ಅವರು ತಿರುಗಿ ಹೋದರು.

ನಾನು ಸ್ಪಂಜನ್ನು ಟಬ್ಬಿನ ನೀರಲ್ಲೇ ಅದ್ದಿ ಮೆಲ್ಲಗೆ ಹಿಂಡಿದೆ. ಕಪ್ಪು ನೀರು ಇಳಿಯಿತು, ಇನ್ನೂ ಇಳಿಯಿತು. ಒಳಗೆ ಮತ್ತೂ ಇತ್ತು. ಅಷ್ಟಕ್ಕೇ ಬಿಟ್ಟು, ತೊಳೆಯದೆ, ಫಿಲ್ಟರಿನೊಳಗೆ ಸಿಕ್ಕಿಸಿದೆ.